ಧಾರವಾಡಕ್ಕೆ ಹೋದ ಬೆಳ್ಳಿ ಬಟ್ಟಲು

ಮುಂದೆ ಓದುವ ಮೊದಲು ಒಮ್ಮೆ ನಿಮ್ಮ ದೇವರ ಮನೆಯತ್ತ ಕಣ್ಣು ಹಾಯಿಸಿರಿ. ಅಜ್ಜಿಯ ಕಾಲದ ಪಂಚಪಾತ್ರೆ-ಉದ್ಧರಣೆ, ಅರಿಶಿನ-ಕುಂಕುಮದ ಬಟ್ಟಲುಗಳು, ಎರಡು ದೀಪ, ವರಮಹಾಲಕ್ಷ್ಮಿಯ ಮುಖವಾಡ, ಲಿಂಗವಂತರ ಮನೆಯಾದರೆ ಇಷ್ಟಲಿಂಗದ ಕರಡಿಗೆ. ಇವುಗಳಲ್ಲಿ ಎಷ್ಟಕ್ಕೆ ನಿಮ್ಮ ಹತ್ತಿರ ಬಿಲ್ಲು ಇದೆ? ನಮ್ಮ ಮನೆಯಲ್ಲಂತೂ ಒಂದಕ್ಕೂ ಇಲ್ಲ. ಬೇಕೆಂದು ಯಾರಿಗೂ ಅನಿಸಿರಲಿಲ್ಲ. ನಮ್ಮೂರ ಪತ್ತಾರರು ನಮ್ಮ ಓಣಿಯಲ್ಲೇ ಇದ್ದರು. ಅಕ್ಕಸಾಲಿಗರ ಬಗ್ಗೆ ಗಾದೆಗಳು ಏನೇ ಹೇಳಲಿ, ಮಾಡಿಕೊಟ್ಟ ಒಡವೆಯಲ್ಲಿ ಹೆಚ್ಚುಕಡಿಮೆ ಕಂಡರೆ ಮರುದಿನ ಬೆಳಗ್ಗೆ ಅಪ್ಪ ಹೋಗಿ ಅವರ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಈಗ ಕಟ್ಟೆಯೂ ಇಲ್ಲ, ಪತ್ತಾರರೂ ಇಲ್ಲ. ಕೊಥ್ರೂಡಿನ ಮೂರನೆಯ ಮಹಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಬೆರಳಾಡಿಸಿದರೆ ಬೆಳ್ಳಿ ಮನೆ ಬಾಗಿಲಿಗೆ ಬರುತ್ತದೆ. ಹಾಗೆ ತರಿಸಿ ನಾನು ಮೋಸಹೋದ ಕಥೆಯನ್ನು ಹೇಳುವುದಕ್ಕೆ ನಾಚಿಕೆಯಿದೆ. ಆದರೂ ನಮ್ಮ ಸಂಘದ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

೨೦೨೩ರಲ್ಲಿ ಧಾರವಾಡದಲ್ಲಿರುವ ನನ್ನ ತಂಗಿಗೆ ಮೊಮ್ಮಗ ಹುಟ್ಟಿದ. ತೊಟ್ಟಿಲ ಕಾರ್ಯಕ್ಕೆ ಹೋಗಲು ನನಗೆ ಆಗಲಿಲ್ಲ, ಮೊಣಕಾಲಿನ ನೋವು. ಕೈ ಬರಿದಾಗಬಾರದೆಂದು ಆನ್‌ಲೈನಿನಲ್ಲಿ ಒಂದು ಬೆಳ್ಳಿ ಬಟ್ಟಲು ಹುಡುಕಿದೆ. ಚಿತ್ರ ಚೆನ್ನಾಗಿತ್ತು. ಹೆಸರಿನಲ್ಲಿ ‘ಪ್ಯೂರ್ ಸಿಲ್ವರ್’ ಎಂದಿತ್ತು, ತೂಕ ಸುಮಾರು ೧೦೦ ಗ್ರಾಂ, ಬೆಲೆ ೪,೨೦೦ ರೂಪಾಯಿ. ಕೆಳಗೆ ಜನ ಹೊಗಳಿ ಬರೆದಿದ್ದರು. ದುಡ್ಡು ಕಟ್ಟಿ ವಿಳಾಸದ ಜಾಗದಲ್ಲಿ ನೇರವಾಗಿ ಧಾರವಾಡದ ವಿಳಾಸವನ್ನೇ ಹಾಕಿದೆ. ನನ್ನ ಎಲ್ಲ ತಪ್ಪುಗಳಲ್ಲಿ ದೊಡ್ಡ ತಪ್ಪು ಇದೇ. ವಸ್ತುವನ್ನು ನಾನು ಕಣ್ಣಿಂದ ನೋಡಲೇ ಇಲ್ಲ.

ಬಟ್ಟಲು ಮುಟ್ಟಿತು, ತಂಗಿ ಫೋನಿನಲ್ಲಿ “ಭಾಳ ಛಲೋ ಅದ ಅಕ್ಕಾ” ಎಂದಳು, ನಾನು ಹಿಗ್ಗಿದೆ. ಮರುವರ್ಷ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ “ಕೂಸಿಗೆ ನನ್ನ ಬಟ್ಟಲದಾಗ ಪಾಯಸಾ ಹಾಕಿ ಕೊಡ್ರಿ” ಎಂದೆ. ತಂಗಿಯ ಸೊಸೆ ಅತ್ತೆಯ ಮುಖ ನೋಡಿದಳು. ಆಗ ಹೊರಬಿತ್ತು ಸಂಗತಿ. ಕೂಸಿನ ಹೆಸರು ಕೆತ್ತಿಸಲೆಂದು ಅವರು ಬಟ್ಟಲನ್ನು ಪತ್ತಾರರಲ್ಲಿ ಒಯ್ದಿದ್ದರು. ಆತ ಉಳಿಯ ಮೊನೆ ತಾಗಿಸಿ ಕೈ ಹಿಂದೆ ತೆಗೆದನಂತೆ. “ಅಕ್ಕಾರ, ಬೆಳ್ಳಿ ಅಂದರ ಬೆಣ್ಣಿ ಇದ್ದಂಗ ಮೆತ್ತಗ ಇರತೈತ್ರಿ, ಇದು ಬಿರುಸೈತಿ. ಇದರ ಮ್ಯಾಲೆ ಹೆಸರು ಹಾಕಬ್ಯಾಡ್ರಿ” ಎಂದನಂತೆ. ಬೀಗರು ಕೊಟ್ಟ ಬೆಳ್ಳಿ ತಟ್ಟೆಯ ಪಕ್ಕದಲ್ಲೇ ನನ್ನ ಬಟ್ಟಲನ್ನೂ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು! “ನೀ ಪ್ರೀತೀಲೆ ಕಳಿಸಿದ್ದಿ, ಹೆಂಗ ಹೇಳೂದು?” ಎಂದು ತಂಗಿ ಒಂದು ವರ್ಷ ಬಾಯಿ ಬಿಟ್ಟಿರಲಿಲ್ಲ. ಹಣ ಹೋದದ್ದಕ್ಕಿಂತ ಆ ಒಂದು ವರ್ಷದ ಮೌನ ನನಗೆ ಹೆಚ್ಚು ಚುಚ್ಚಿತು.

ಪುಣೆಗೆ ಮರಳಿ ಬಿಲ್ಲು ತೆಗೆದು ನೋಡಿದೆ. ಅದರಲ್ಲಿ ‘ಗಿಫ್ಟ್ ಐಟಂ, ೧ ನಗ’ ಎಂದಷ್ಟೇ ಇತ್ತು. ಬೆಳ್ಳಿ ಎಂಬ ಶಬ್ದವೇ ಇಲ್ಲ! ಮಾರಿದವನ ಪುಟ ಮಾಯವಾಗಿತ್ತು. ವಾಪಸು ಕಳಿಸುವ ಅವಧಿಯಂತೂ ಎಂದೋ ಮುಗಿದಿತ್ತು.

ಆಮೇಲೆ ಬಂತು ಬುದ್ಧಿ. ಕೊಳ್ಳುವ ಮೊದಲು ಎರಡು ನಿಮಿಷ ಲೆಕ್ಕ ಮಾಡಿದ್ದರೆ ಸಾಕಿತ್ತು. ೨೦೨೩ರಲ್ಲಿ ಬೆಳ್ಳಿಯ ದರ ಗ್ರಾಮಿಗೆ ಎಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ನೂರು ಗ್ರಾಮಿನ ೯೨೫ರ ಬಟ್ಟಲಿನಲ್ಲಿ ತೊಂಬತ್ತೆರಡೂವರೆ ಗ್ರಾಂ ಚೊಕ್ಕ ಬೆಳ್ಳಿ ಇರಬೇಕು, ಅಂದರೆ ಬರೀ ಲೋಹದ ಬೆಲೆಯೇ ಆರೂವರೆ ಸಾವಿರದ ಹತ್ತಿರ. ಅದರ ಮೇಲೆ ಮಜೂರಿ, ಅದರ ಮೇಲೆ ನೂರಕ್ಕೆ ಮೂರರಂತೆ ಜಿ.ಎಸ್.ಟಿ. ಇಷ್ಟನ್ನು ೪,೨೦೦ಕ್ಕೆ ಕೊಡುವ ಪುಣ್ಯಾತ್ಮ ಯಾರು? ಹಬ್ಬದ ರಿಯಾಯತಿ ಎಂದರೆ ಮಜೂರಿಯಲ್ಲಿ ಬಿಡಬಹುದು, ಲೋಹದ ಬೆಲೆಯಲ್ಲಿ ಬಿಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ. ಆದ್ದರಿಂದ ಅಂದಿನ ದರ ನೋಡಿರಿ, ತೂಕದಿಂದ ಗುಣಿಸಿರಿ. ತೂಕವನ್ನೇ ಹೇಳದೆ ಅಂಗುಲದಲ್ಲಿ ಅಳತೆ ಕೊಡುವವರ ಪುಟವನ್ನು ಅಲ್ಲಿಗೇ ಮುಚ್ಚಿರಿ. ಬೆಳ್ಳಿಯನ್ನು ಅಂಗುಲದಲ್ಲಿ ಮಾರಿದ್ದನ್ನು ನಮ್ಮ ಹಿರಿಯರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ೨೦೨೫ರ ಡಿಸೆಂಬರಿನಲ್ಲಿ ಬೆಳ್ಳಿ ಕಿಲೋಗೆ ಎರಡು ಲಕ್ಷ ರೂಪಾಯಿ ದಾಟಿತು. ದರ ಹೀಗೆ ಏರಿದಷ್ಟೂ ಖೋಟಾ ಮಾಲಿಗೆ ಸುಗ್ಗಿ.

ಇನ್ನು ಶಬ್ದಗಳ ಆಟ. ಆನ್‌ಲೈನಿನಲ್ಲಿ ಮೋಸವೆಲ್ಲ ಹಸಿ ಸುಳ್ಳಲ್ಲ, ಎಷ್ಟೋ ಸಲ ಅದು ಅರ್ಧ ಸತ್ಯ. ‘ಜರ್ಮನ್ ಸಿಲ್ವರ್’ ಎಂಬುದನ್ನೇ ತೆಗೆದುಕೊಳ್ಳಿರಿ. ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ತಾಮ್ರ, ನಿಕ್ಕಲು ಮತ್ತು ಸತುವಿನ ಮಿಶ್ರಣ ಅದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯಲ್ಲಿ ತಯಾರಿಸಿದರು, ಬಣ್ಣ ಬೆಳ್ಳಿಯಂತಿದ್ದುದರಿಂದ ಆ ಹೆಸರು ಅಂಟಿತು. ‘ಸಿಲ್ವರ್ ಫಿನಿಷ್’, ‘ಸಿಲ್ವರ್ ಟೋನ್’ ಎಂದರೆ ಬಣ್ಣ ಮಾತ್ರ. ‘ಸಿಲ್ವರ್ ಪ್ಲೇಟೆಡ್’ ಎಂದರೆ ಹಿತ್ತಾಳೆಯ ಮೇಲೆ ಬೆಳ್ಳಿಯ ಲೇಪ. ‘ಆಕ್ಸಿಡೈಸ್ಡ್’ ಎಂದರೆ ಕಪ್ಪು ಛಾಯೆ ಕೊಟ್ಟದ್ದು ಎಂದಷ್ಟೇ, ಒಳಗೆ ಬೆಳ್ಳಿ ಇರಲೂಬಹುದು, ಇಲ್ಲದಿರಲೂಬಹುದು. ಇವೆಲ್ಲಕ್ಕಿಂತ ಜಾಣತನದ್ದು ‘೯೯೯ ಸಿಲ್ವರ್ ಫಾಯಿಲ್’ ಎಂದು ಮಾರುವ ದೇವರ ಪಟಗಳು. ೯೯೯ ಎಂಬುದು ನಿಜವೇ ಇರಬಹುದು. ಆದರೆ ಅದು ಮೇಲಿನ ತೆಳುವಾದ ಹಾಳೆಯ ಶುದ್ಧತೆ, ಪಟದ್ದಲ್ಲ. ಗೊತ್ತಿದ್ದು ಕೊಂಡರೆ ಯಾವುದೂ ತಪ್ಪಲ್ಲ. ನವರಾತ್ರಿಯ ಅರಿಶಿನ-ಕುಂಕುಮಕ್ಕೆ ಹಂಚಲು ನಾನೇ ಜರ್ಮನ್ ಸಿಲ್ವರಿನ ಪುಟ್ಟ ಬಟ್ಟಲುಗಳನ್ನು ತಂದಿದ್ದೇನೆ. ಬೆಳ್ಳಿಯ ಬೆಲೆ ಕೊಟ್ಟು ಅದನ್ನು ತರಬಾರದು, ಅಷ್ಟೆ. ಕಿವಿಗೆ, ಕಾಲಿಗೆ ಹಾಕುವುದಾದರೆ ಇನ್ನೊಂದು ಎಚ್ಚರ: ನಿಕ್ಕಲು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ತುರಿಕೆ ಏಳುತ್ತದೆ.

ಹಾಗಾದರೆ ನಂಬುವುದು ಯಾವುದನ್ನು? ಹಾಲ್‌ಮಾರ್ಕನ್ನು, ಅದೂ ಪರೀಕ್ಷಿಸಿ. ಭಾರತೀಯ ಮಾನಕ ಬ್ಯೂರೋದವರು ಚಿನ್ನಕ್ಕೆ ೨೦೦೦ದಲ್ಲೂ ಬೆಳ್ಳಿಗೆ ೨೦೦೫ರಲ್ಲೂ ಹಾಲ್‌ಮಾರ್ಕ್ ಆರಂಭಿಸಿದರು. ಚಿನ್ನಕ್ಕೆ ಅದು ೨೦೨೧ರ ಜೂನಿನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಬೆಳ್ಳಿಗೆ ಹಾಗಾಗಲಿಲ್ಲ. ೨೦೨೫ರ ಸೆಪ್ಟೆಂಬರ್ ೧ರಿಂದ ಬೆಳ್ಳಿಯ ಹಾಲ್‌ಮಾರ್ಕಿಗೂ ಚಿನ್ನದಂತೆ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಸೇರಿಸಿದರು, ಆದರೆ ಆಗಲೂ ಮುದ್ರೆ ಹಾಕಿಸುವುದನ್ನು ಮಾರುವವರ ಇಚ್ಛೆಗೇ ಬಿಟ್ಟರು. ಹೊಸ ಮುದ್ರೆಯಲ್ಲಿ ಬ್ಯೂರೋದ ತ್ರಿಕೋನ ಚಿಹ್ನೆ, ‘ಸಿಲ್ವರ್’ ಎಂಬ ಶಬ್ದ, ಶುದ್ಧತೆಯ ಅಂಕಿ ಮತ್ತು ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಆ ಸಂಖ್ಯೆ ಇರುತ್ತವೆ. ಶುದ್ಧತೆಯ ಅಂಕಿಗಳು ೮೦೦, ೮೩೫, ೯೨೫, ೯೭೦, ೯೯೦ ಮುಂತಾದವು, ಸಾವಿರ ಭಾಗದಲ್ಲಿ ಇಷ್ಟು ಭಾಗ ಬೆಳ್ಳಿ ಎಂದು ಅರ್ಥ.

ಬರೀ ‘೯೨೫’ ಎಂದು ಕೊರೆದಿದ್ದರೆ ಅದಕ್ಕೆ ಬೆಲೆ ಕಟ್ಟಬೇಡಿ. ಆ ಮೂರು ಅಂಕಿಯ ಅಚ್ಚನ್ನು ಯಾರು ಬೇಕಾದರೂ ಮಾಡಿಸಿಕೊಂಡಾರು. ಮೊಬೈಲಿನಲ್ಲಿ ‘ಬಿ.ಐ.ಎಸ್. ಕೇರ್’ ಎಂಬ ಸರಕಾರಿ ಆ್ಯಪ್ ಇಳಿಸಿಕೊಂಡು ಆರು ಸ್ಥಾನದ ಸಂಖ್ಯೆಯನ್ನು ಅದರಲ್ಲಿ ಹಾಕಿದರೆ ಆಭರಣದ ಅಂಗಡಿ ಯಾವುದು, ಪರೀಕ್ಷಿಸಿದ ಕೇಂದ್ರ ಯಾವುದು, ವಸ್ತು ಏನು, ಶುದ್ಧತೆ ಎಷ್ಟು ಎಂಬ ವಿವರ ಬರುತ್ತದೆ. ಇಲ್ಲಿ ವಸ್ತು ಏನು ಎಂಬುದನ್ನು ಗಮನವಿಟ್ಟು ಓದಿರಿ. ನಿಮ್ಮ ಕೈಯಲ್ಲಿ ಲೋಟವಿದ್ದು ಆ್ಯಪ್‌ನಲ್ಲಿ ಉಂಗುರವೆಂದು ಬಂದರೆ, ಸಂಖ್ಯೆ ಬೇರೆ ಕಡೆಯಿಂದ ಎರವಲು ಬಂದಿದೆ ಎಂದೇ ಲೆಕ್ಕ. ಜಾಹೀರಾತಿನ ಚಿತ್ರದಲ್ಲಿ ಕಾಣುವ ಮುದ್ರೆಯೂ ಸಾಲದು, ಮನೆಗೆ ಬಂದ ವಸ್ತುವಿನ ಮೇಲಿನ ಮುದ್ರೆಯನ್ನೇ ಭೂತಗನ್ನಡಿ ಹಿಡಿದು ಓದಬೇಕು. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಕಡಿಮೆಯಾದ ಭಾಗದ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಗ್ರಾಹಕರಿಗೆ ಸಿಗಬೇಕೆಂದು ೨೦೧೮ರ ನಿಯಮಗಳು ಹೇಳುತ್ತವೆ.

ಮುದ್ರೆ ಇಲ್ಲದ್ದೆಲ್ಲ ಖೋಟಾ ಎಂದೂ ಅಲ್ಲ. ನಾವು ಪುಣೆಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕೊಲ್ಹಾಪುರ ಜಿಲ್ಲೆಯಲ್ಲಿ, ಹುಪರಿ ಎಂಬ ಊರಿದೆ. ನಿಪ್ಪಾಣಿ ಕಡೆಯ ನಮ್ಮವರಿಗೆ ಅದು ಚೆನ್ನಾಗಿ ಗೊತ್ತು. ಮನೆಮನೆಯಲ್ಲೂ ಬೆಳ್ಳಿ ಕೆಲಸ, ಮರಾಠಿಗರು ಅದನ್ನು ‘ಚಂದೇರಿ ನಗರಿ’ ಎಂದೇ ಕರೆಯುತ್ತಾರೆ. ಅಲ್ಲಿಯ ಕಾಲ್ಗೆಜ್ಜೆಗಳು ದೇಶದ ತುಂಬ ಹೋಗುತ್ತವೆ. ಗೆಜ್ಜೆಯಲ್ಲಿ ಕೊಂಡಿ ಕೊಂಡಿಗೂ ಬೆಸುಗೆ, ಬೆಸುಗೆಗೆ ತಾಮ್ರ-ಸತು ಸೇರಲೇಬೇಕು. ಹಾಗಾಗಿ ಗೆಜ್ಜೆಯ ಶುದ್ಧತೆ ತಟ್ಟೆ-ಲೋಟದಷ್ಟು ಇರದಿರುವುದು ಉಂಟು. ಇಲ್ಲಿಯ ಸರಾಫರು ಶುದ್ಧತೆಗೆ ‘ಟಂಚ’ ಎನ್ನುತ್ತಾರೆ. ಟಂಚ ಕಡಿಮೆ ಇರುವುದು ಮೋಸವಲ್ಲ, ಕಡಿಮೆ ಟಂಚದ್ದನ್ನು ಚೊಕ್ಕ ಬೆಳ್ಳಿಯ ದರಕ್ಕೆ ಮಾರುವುದು ಮೋಸ. ಆದ್ದರಿಂದ ಮುದ್ರೆಯಿಲ್ಲದ ವಸ್ತುವಾದರೆ ತೂಕ, ಟಂಚ, ಮಜೂರಿ ಮೂರನ್ನೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಮರಳಿ ಕೊಟ್ಟರೆ ಯಾವ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೀರಿ ಎಂದೂ ಕೇಳಿರಿ. ಈ ಒಂದು ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರದಲ್ಲಿ ಬಹಳ ತಿಳಿಯುತ್ತದೆ.

ಈಗ ಪೆಟ್ಟಿಗೆ ಮನೆಗೆ ಬಂದಿದೆ ಎನ್ನಿ. ಬಿಚ್ಚುವಾಗಲೇ ಮಗನಿಗೋ ಸೊಸೆಗೋ ಹೇಳಿ ಮೊಬೈಲಿನಲ್ಲಿ ವಿಡಿಯೋ ಮಾಡಿಸಿರಿ. ಮೇಲಿನ ವಿಳಾಸದ ಚೀಟಿ, ಬಿಲ್ಲು, ತಕ್ಕಡಿಯ ಮೇಲಿನ ತೂಕ ಎಲ್ಲವೂ ಅದರಲ್ಲಿ ಬರಲಿ. ಆಮೇಲೆ ಮನೆಮದ್ದಿನಂಥ ಪರೀಕ್ಷೆಗಳು. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ, ಸರಿ. ಆದರೆ ಅಂಟದಿದ್ದರೆ ಬೆಳ್ಳಿ ಎನ್ನುವಂತಿಲ್ಲ, ಏಕೆಂದರೆ ಹಿತ್ತಾಳೆ, ತಾಮ್ರ, ಸೀಸ ಯಾವುದೂ ಅಂಟುವುದಿಲ್ಲ. ಬೆಳ್ಳಿ ಕಪ್ಪಾಗುತ್ತದೆ ಎಂಬುದೂ ಪೂರ್ತಿ ಪುರಾವೆಯಲ್ಲ, ಆ ಕಪ್ಪನ್ನೂ ಕೃತಕವಾಗಿ ತರುತ್ತಾರೆ. ಮಂಜುಗಡ್ಡೆ ಇಟ್ಟು ನೋಡುವುದು ಮಕ್ಕಳಿಗೆ ಮೋಜು. ಬೆಳ್ಳಿಯಷ್ಟು ಬೇಗ ಶಾಖ ಸಾಗಿಸುವ ಲೋಹ ಇನ್ನೊಂದಿಲ್ಲವಾದ್ದರಿಂದ ಗಡ್ಡೆ ಬೇಗ ಕರಗುತ್ತದೆ, ಆದರೆ ತಾಮ್ರವೂ ಹೆಚ್ಚು ಹಿಂದಿಲ್ಲ. ನೈಟ್ರಿಕ್ ಆಸಿಡ್ಡಿನ ಗೊಡವೆ ಮನೆಯಲ್ಲಿ ಬೇಡವೇ ಬೇಡ.

ನನಗೆ ಹಿಡಿಸಿದ ಪರೀಕ್ಷೆ ನೀರಿನದು. ಹೈಸ್ಕೂಲಿನಲ್ಲಿ ಆರ್ಕಿಮಿಡೀಸನ ಕಥೆ ಓದಿದ್ದೀರಲ್ಲ, ಅದೇ. ಒಂದು ಘನ ಸೆಂಟಿಮೀಟರ್ ಚೊಕ್ಕ ಬೆಳ್ಳಿ ೧೦.೪೯ ಗ್ರಾಂ ತೂಗುತ್ತದೆ, ೯೨೫ರದು ಸುಮಾರು ೧೦.೩೬. ಹಿತ್ತಾಳೆ, ಜರ್ಮನ್ ಸಿಲ್ವರ್ ಎಲ್ಲ ಎಂಟೂವರೆ-ಒಂಬತ್ತರ ಒಳಗೆ. ದಶಾಂಶ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಬೇಕು, ಹೆಚ್ಚು ಬೆಲೆಯದಲ್ಲ. ಮೊದಲು ವಸ್ತುವನ್ನು ಒಣದಾಗಿ ತೂಗಿ ಬರೆದಿಡಿ. ಬಳಿಕ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ವಸ್ತುವಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ, ಪಾತ್ರೆಯ ತಳಕ್ಕೂ ಬದಿಗೂ ತಾಗಬಾರದು, ಗುಳ್ಳೆಗಳು ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿರಿ.

ಧಾರವಾಡದಿಂದ ತಂದ ನನ್ನ ಬಟ್ಟಲು ೯೮ ಗ್ರಾಂ ಇತ್ತು. ನೀರಿನಲ್ಲಿ ಹಿಡಿದಾಗ ತಕ್ಕಡಿ ೧೧.೩ ತೋರಿಸಿತು. ಭಾಗಿಸಿದರೆ ೮.೬೭! ೯೨೫ರ ಬೆಳ್ಳಿಯಾಗಿದ್ದರೆ ತಕ್ಕಡಿ ಒಂಬತ್ತೂವರೆಯ ಮೇಲೆ ಏರುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ, ಇದನ್ನು ಮಾಡಲು ನಾನು ಒಂದು ವರ್ಷ ತಡಮಾಡಿದ್ದೆ. ಈ ಪರೀಕ್ಷೆಗೂ ಮಿತಿಯುಂಟು. ಕಲ್ಲು ಕೂಡಿಸಿದ ಒಡವೆ, ಒಳಗೆ ಅರಗು ತುಂಬಿದ ವಿಗ್ರಹ, ಟೊಳ್ಳು ಬಳೆ ಇವಕ್ಕೆ ನಡೆಯದು. ಎರಡು-ಮೂರು ಗ್ರಾಮಿನ ಕಾಲುಂಗುರಕ್ಕೆ ತಕ್ಕಡಿ ಬಹಳ ಸೂಕ್ಷ್ಮವಾಗಿರಬೇಕು. ಅಂಥವನ್ನು ಹಾಲ್‌ಮಾರ್ಕ್ ಕೇಂದ್ರಕ್ಕೇ ಒಯ್ಯುವುದು ಲೇಸು. ಸರಾಫರ ಅಂಗಡಿಗಳಲ್ಲಿ ಇರುವ ಎಕ್ಸ್-ರೇ ಯಂತ್ರ ಕ್ಷಣದಲ್ಲಿ ಶುದ್ಧತೆ ಹೇಳುತ್ತದಾದರೂ ಅದು ನೋಡುವುದು ಮೇಲ್ಮೈಯನ್ನು ಮಾತ್ರ. ದಪ್ಪ ಲೇಪವಿದ್ದರೆ ಅದೂ ಮೋಸಹೋಗುತ್ತದೆ. ಕಾಣದ ಕಡೆ ಸ್ವಲ್ಪ ಉಜ್ಜಿ ನೋಡಿರೆಂದು ಹೇಳಲು ಸಂಕೋಚಪಡಬೇಡಿ.

ದೀಪಾವಳಿಯ ಲಕ್ಷ್ಮೀಪೂಜೆಗೆ ಹಳೆಯ ರೂಪಾಯಿ ಕೊಳ್ಳುವ ರೂಢಿ ಪುಣೆಯ ನಮ್ಮವರಲ್ಲೂ ಬೆಳೆದಿದೆಯಾದ್ದರಿಂದ ಅದರ ಬಗ್ಗೆಯೂ ಎರಡು ಮಾತು. ರಾಣಿ ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ಮುಖದ ರೂಪಾಯಿಗಳು ೧೧.೬೬ ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಮ್ಮಜ್ಜ ಬಂಗಾರ ತೂಗಲು ರೂಪಾಯಿಯನ್ನೇ ಬಟ್ಟಾಗಿ ಬಳಸುತ್ತಿದ್ದರು. ಆದರೆ ಯುದ್ಧಕಾಲದಲ್ಲಿ, ೧೯೪೦ರಿಂದ, ಆರನೆಯ ಜಾರ್ಜನ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ೧೯೪೭ರ ರೂಪಾಯಿ ಪೂರಾ ನಿಕ್ಕಲು. ಆದ್ದರಿಂದ ೧೯೪೪ರ ರೂಪಾಯಿ ಅಸಲಿಯಾದರೂ ‘ಚೊಕ್ಕ ಬೆಳ್ಳಿ’ ಎಂದು ಮಾರಿದರೆ ನಂಬಬೇಡಿ. ಇನ್ನು ರಾಮ-ಸೀತೆಯರ ಚಿತ್ರ, ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ ೧೮೧೮’ ಎಂದಿರುವ ನಾಣ್ಯಗಳು ಬರುತ್ತವಲ್ಲ, ಅಂಥ ನಾಣ್ಯವನ್ನು ಕಂಪನಿ ಎಂದೂ ಅಚ್ಚು ಹಾಕಿಸಲೇ ಇಲ್ಲ. ನಮ್ಮ ಪರಿಚಯದ ಹಿರಿಯರೊಬ್ಬರು ಅದನ್ನು ಆರು ಸಾವಿರಕ್ಕೆ ಕೊಂಡು ದೇವರ ಮುಂದಿಟ್ಟಿದ್ದಾರೆ. ಅವರಿಗೆ ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ಈ ಲೇಖನ ಓದಿಯಾರು!

ಮೋಸವಾಗಿದೆಯೆಂದು ಗೊತ್ತಾದರೆ ಸುಮ್ಮನಿರಬೇಡಿ. ೨೦೨೦ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ಮಾರಾಟ ನಡೆಸುವ ಕಂಪನಿ ದೂರಿಗೆ ೪೮ ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು, ಮಾರಿದವನ ಹೆಸರು-ವಿಳಾಸವನ್ನೂ ತಿಳಿಸಬೇಕು. ಅಲ್ಲಿ ಆಗದಿದ್ದರೆ ೧೯೧೫ಕ್ಕೆ ಫೋನು ಮಾಡಿರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ಸೂರತ್ತಿನಲ್ಲಿರಲಿ ಜೈಪುರದಲ್ಲಿರಲಿ, ೨೦೧೯ರ ಕಾಯಿದೆಯಂತೆ ನೀವು ವಾಸಿಸುವ ಪುಣೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಇದೆಲ್ಲ ನನಗೆ ಗೊತ್ತಾದಾಗ ಕಾಲ ಇನ್ನೂ ಮಿಂಚಿರಲಿಲ್ಲ. ಆದರೆ ‘ಗಿಫ್ಟ್ ಐಟಂ’ ಎಂಬ ಬಿಲ್ಲು ಹಿಡಿದು ಬೆಳ್ಳಿಯ ಮಾತನ್ನು ಹೇಗೆ ಆಡುವುದು? ಕೊಂಡ ದಿನದ ಪುಟದ ಚಿತ್ರವನ್ನಾದರೂ ತೆಗೆದಿಟ್ಟಿದ್ದರೆ ದಾರಿಯಿತ್ತು. ಅದನ್ನೂ ಮಾಡಿರಲಿಲ್ಲ.

೨೦೨೫ರ ದೀಪಾವಳಿಗೆ ಮತ್ತೆ ಒಂದು ಬಟ್ಟಲು ತರಿಸಿದೆ, ಆನ್‌ಲೈನಿನಲ್ಲೇ. ಈ ಸಲ ಲಕ್ಷ್ಮೀ ರಸ್ತೆಯಲ್ಲಿ ಅಂಗಡಿಯೂ ಇರುವ ಸರಾಫರಿಂದ, ನನ್ನ ಕೊಥ್ರೂಡಿನ ವಿಳಾಸಕ್ಕೇ. ಮೊದಲಿನದಕ್ಕಿಂತ ಚಿಕ್ಕದು, ಬೆಲೆ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು. ಯಜಮಾನರು ವಿಡಿಯೋ ಹಿಡಿದರು, ನಾನು ಕತ್ತರಿ ಹಿಡಿದೆ. ತೂಕ ೮೦.೪ ಗ್ರಾಂ, ನೀರಿನಲ್ಲಿ ೭.೮, ಭಾಗಿಸಿದರೆ ೧೦.೩ ಬಂತು. ಆರು ಸ್ಥಾನದ ಸಂಖ್ಯೆಯನ್ನು ಓದಲು ನನ್ನ ಕನ್ನಡಕದ ಮೇಲೆ ಭೂತಗನ್ನಡಿಯೂ ಬೇಕಾಯಿತು. ಆ್ಯಪ್‌ನಲ್ಲಿ ಅದೇ ಅಂಗಡಿಯ ಹೆಸರು, ಅದೇ ೯೨೫. ಆಮೇಲೆಯೇ ಸೀರೆಯಲ್ಲಿ ಸುತ್ತಿ ಧಾರವಾಡಕ್ಕೆ ಒಯ್ದೆ.

ಪತ್ತಾರ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಏನೂ ಹೇಳದೆ ಉಳಿ ತೆಗೆದುಕೊಂಡು ಹೆಸರು ಕೆತ್ತಲು ಕುಳಿತ. ಹಳೆಯ ಬಟ್ಟಲನ್ನೂ ನಾನು ಹಿಂದಕ್ಕೆ ಒಯ್ದಿದ್ದೆ, ಬಿಸಾಡಲು ತಂಗಿಗೆ ಮನಸ್ಸಾಗಲಿಲ್ಲ. ಈಗ ಅದರ ತುಂಬ ಮೊಮ್ಮಗನ ಬಣ್ಣದ ಪೆನ್ಸಿಲುಗಳಿವೆ.